ಓಡುತ್ತಲೇ ಉಳಿದ ಕಾರುಗಳು

ಈ ಬೇಲಿಯ ಒಳಗೆ 1966ರ ನಂತರ ತಯಾರಾದ ವಾಹನಕ್ಕೆ ಜಾಗವಿಲ್ಲ. ರೇಸಿಗೆ ಇಳಿಯುವ ಕಾರುಗಳಿಗಷ್ಟೇ ಅಲ್ಲ, ಸಾಮಾನು ಸಾಗಿಸುವ ವ್ಯಾನಿಗೂ ಜನರನ್ನು ಕೂರಿಸಿಕೊಂಡು ಟ್ರ್ಯಾಕಿನ ಸುತ್ತ ಓಡಾಡುವ ಟ್ರ್ಯಾಕ್ಟರಿಗೂ ಅದೇ ಕಟ್ಟಳೆ. ಬಂದ ಜನರಲ್ಲೂ ಹೆಚ್ಚಿನವರು ಆ ಕಾಲದ ಉಡುಪಿನಲ್ಲೇ ಬಂದಿದ್ದಾರೆ. ಟ್ವೀಡ್ ಕೋಟು, ಟೈ, ಚಪ್ಪಟೆ ಟೋಪಿಯ ಗಂಡಸರು. ಚುಕ್ಕಿ ಫ್ರಾಕು, ಬಿಳಿ ಕೈಚೀಲ, ಎತ್ತಿ ಕಟ್ಟಿದ ಕೂದಲಿನ ಹೆಂಗಸರು. ಎಣ್ಣೆ ಕಲೆಯ ಬಿಳಿ ಮೇಲಂಗಿ ತೊಟ್ಟ ಮೆಕ್ಯಾನಿಕ್‌ಗಳು. ಮೆಕ್ಯಾನಿಕ್‌ಗಳ ಮೈಮೇಲಿನ ಕಲೆ ಮಾತ್ರ ವೇಷದ್ದಲ್ಲ, ಬೆಳಗಿನ ಕೆಲಸದ್ದು.

ಇದು ಇಂಗ್ಲೆಂಡಿನ ದಕ್ಷಿಣ ತೀರದ ಹತ್ತಿರ, ಚಿಚೆಸ್ಟರ್ ಪಟ್ಟಣದ ಹೊರಗಿರುವ ಗುಡ್‌ವುಡ್ ಟ್ರ್ಯಾಕ್. ಪ್ರತಿ ಸೆಪ್ಟೆಂಬರಿನಲ್ಲಿ ಮೂರು ದಿನ ಇಲ್ಲಿ ‘ಗುಡ್‌ವುಡ್ ರಿವೈವಲ್’ ನಡೆಯುತ್ತದೆ. ಮೂರು ದಿನಕ್ಕೆ ಸುಮಾರು ಒಂದೂವರೆ ಲಕ್ಷ ಜನ ಸೇರುತ್ತಾರೆ. ಹಳೆಯ ಕಾರುಗಳ ಪ್ರದರ್ಶನಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಹಸಿರು ಹುಲ್ಲಿನ ಮೇಲೆ ಕಾರು ನಿಲ್ಲಿಸಿ, ಹಗ್ಗ ಕಟ್ಟಿ, ‘ಮುಟ್ಟಬೇಡಿ’ ಎಂದು ಬರೆದಿಡುತ್ತಾರೆ. ಇಲ್ಲಿಯ ರೀತಿ ಬೇರೆ. ಕೋಟ್ಯಂತರ ರೂಪಾಯಿ ಬೆಲೆಯ ಕಾರುಗಳನ್ನು ಟ್ರ್ಯಾಕಿಗೆ ಇಳಿಸಿ, ಅರವತ್ತು ವರ್ಷದ ಹಿಂದೆ ಓಡಿಸಿದಷ್ಟೇ ಜೋರಾಗಿ ಓಡಿಸುತ್ತಾರೆ. ಅದನ್ನು ನೋಡಬೇಕೆಂದೇ ನಾನು ಭಾನುವಾರದ ಟಿಕೆಟ್ ತೆಗೆದುಕೊಂಡಿದ್ದೆ.

ರೈಲು ನಿಲ್ದಾಣದಿಂದ ಬಸ್ಸಿನಲ್ಲಿ ಬಂದು ಇಳಿದರೆ ಮೊದಲು ಕಾಣುವುದು ರೇಸ್ ಕಾರುಗಳಲ್ಲ, ನೋಡಲು ಬಂದವರ ಕಾರುಗಳು. 1966ಕ್ಕಿಂತ ಹಳೆಯ ಕಾರಿನಲ್ಲಿ ಬಂದವರಿಗೆ ಪ್ರತ್ಯೇಕ ಬಯಲು ಬಿಟ್ಟಿದ್ದಾರೆ. ಆ ಪಾರ್ಕಿಂಗ್ ಬಯಲೇ ಒಂದು ದೊಡ್ಡ ಪ್ರದರ್ಶನ. ಇಬ್ಬನಿ ಇನ್ನೂ ಆರದ ಹುಲ್ಲಿನ ಮೇಲೆ ಸಾಲು ಸಾಲಾಗಿ ಮಾರಿಸ್ ಮೈನರ್, ಟ್ರಯಂಫ್ ಹೆರಾಲ್ಡ್, ಆಸ್ಟಿನ್, ಹಂಬರ್, ರೈಲಿ. ಡಿಕ್ಕಿ ತೆರೆದು, ಮಡಿಸುವ ಮೇಜು ಹಾಕಿ, ಫ್ಲಾಸ್ಕಿನ ಚಹಾ ಬಸಿದುಕೊಳ್ಳುತ್ತ ಕುಟುಂಬಗಳು ಕುಳಿತಿವೆ. ಕೆಲವರು ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದಿದ್ದಾರೆ.

ಕನ್ನಡದವರು ಈ ಬಯಲಿನಲ್ಲಿ ಬೇಗ ಮುಂದಕ್ಕೆ ಹೋಗಲಾರರು. ಇಲ್ಲಿರುವ ಎಷ್ಟೋ ಕಾರುಗಳನ್ನು ಬೇರೆ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲಿ ನೋಡಿ ಬೆಳೆದವರು ನಾವು. ಹೆರಾಲ್ಡ್ ನಮ್ಮಲ್ಲಿ ಮದರಾಸಿನಲ್ಲಿ ತಯಾರಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಮಾರಿಸ್ ಮೈನರ್ ಬೇಬಿ ಹಿಂದುಸ್ತಾನ್ ಆಯಿತು. ಮೂರನೇ ಸಾಲಿನಲ್ಲಿ ಮಾಸಲು ಹಸಿರು ಬಣ್ಣದ ಮಾರಿಸ್ ಆಕ್ಸ್‌ಫರ್ಡ್ ಒಂದು ನಿಂತಿತ್ತು. ಉಬ್ಬಿದ ಮಡ್ಗಾರ್ಡು, ದುಂಡು ಬೆನ್ನು, ಎತ್ತರದ ಸೀಟು ನೋಡಿದ ಕೂಡಲೇ ಬಳ್ಳಾರಿಯ ಟ್ಯಾಕ್ಸಿ ಸ್ಟ್ಯಾಂಡು, ಡಿ.ಸಿ. ಆಫೀಸಿನ ಮುಂದಿನ ಕೆಂಪು ದೀಪದ ಬಿಳಿ ಕಾರು, ಮದುವೆ ದಿಬ್ಬಣದಲ್ಲಿ ಒಂಬತ್ತು ಜನ ಒತ್ತಿಕೊಂಡು ಕೂತಿದ್ದು, ಎಲ್ಲವೂ ಒಟ್ಟಿಗೆ ನುಗ್ಗಿ ಬಂತು. ಈ ಮಾದರಿಯ ಅಚ್ಚುಗಳೇ ಬಂಗಾಳದ ಉತ್ತರಪಾರಾಕ್ಕೆ ಬಂದವು. 1950ರ ದಶಕದ ಕೊನೆಯಿಂದ 2014ರವರೆಗೆ ಅಲ್ಲಿ ಅಂಬಾಸಿಡರ್ ತಯಾರಾಯಿತು. ಬ್ರಿಟನ್ನಿನಲ್ಲಿ ಈ ಆಕ್ಸ್‌ಫರ್ಡ್ ಬದುಕಿದ್ದು ಕೆಲವೇ ವರ್ಷ. ಮಳೆ, ಜೊತೆಗೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು, ಎರಡೂ ಸೇರಿ ಹೆಚ್ಚಿನ ಕಾರುಗಳ ತಳವನ್ನು ತಿಂದುಹಾಕಿದವು.

ಕಾರಿನ ಪಕ್ಕ ಕುಳಿತಿದ್ದ ವಯಸ್ಸಾದ ಗಂಡ ಹೆಂಡತಿ ನನ್ನನ್ನು ಕರೆದು ಒಳಗೆ ಕೂರಿಸಿದರು. ಬಾಗಿಲು ಮುಚ್ಚಿದಾಗ ಬಂದ ಆ ‘ಧಡ್’ ಸದ್ದು ನನಗೆ ಚಿಕ್ಕಂದಿನಿಂದ ಗೊತ್ತು. ಬಾಗಿಲ ರಬ್ಬರು ಭಾರತದಿಂದ ತರಿಸಿದ್ದು ಎಂದರು ಆತ. ಅಂಬಾಸಿಡರಿನ ಕೆಲವು ಬಿಡಿಭಾಗ ಈ ಕಾರಿಗೂ ಹೊಂದುತ್ತವಂತೆ. ಒಂದು ಊರಿನಲ್ಲಿ ಸತ್ತುಹೋದ ಕಾರನ್ನು ಇನ್ನೊಂದು ಊರಿನ ಗ್ಯಾರೇಜುಗಳು ಬದುಕಿಸಿ, ಈಗ ಅದರ ಅಂಗಾಂಗವನ್ನು ತವರಿಗೇ ಕಳಿಸುತ್ತಿವೆ. ಅಂಬಾಸಿಡರ್ ಅಷ್ಟು ಕಾಲ ಉಳಿದದ್ದಕ್ಕೆ ಸ್ಪರ್ಧೆಯಿಲ್ಲದ ಮಾರುಕಟ್ಟೆಯೂ ಕಾರಣ, ನಿಜ. ಆದರೆ ಹಳ್ಳಿ ಹಳ್ಳಿಯ ಮೆಕ್ಯಾನಿಕ್ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ ಎಂಬುದನ್ನೂ ನಾವು ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ಇಷ್ಟಬಂದಾಗ ಓಡಿಸಬಹುದು. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಹಳೆಯ ವಾಹನಕ್ಕೆ ಒಂದು ಗೌರವದ ಸ್ಥಾನ ಸಿಕ್ಕಿತು ಎಂಬುದು ಒಳ್ಳೆಯದೇ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿ ಮುಂತಾದ ಕಾರಣಗಳಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ನಿಂತ ಕಾರು ಕೆಡುತ್ತದೆ. ಸೀಲುಗಳು ಒಣಗುತ್ತವೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ತುಕ್ಕು ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ಓಡಿಸಬಲ್ಲ, ರಿಪೇರಿ ಮಾಡಬಲ್ಲ ಕೈಗಳು ಇಲ್ಲವಾಗುತ್ತವೆ. ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹದ ಮುಂದೆ ಮಕ್ಕಳು ಕಣ್ಣರಳಿಸಿ ನಿಲ್ಲುವುದನ್ನು ನೋಡಿದ್ದೇನೆ. ಆ ಎಂಜಿನ್ನುಗಳ ಸದ್ದನ್ನೂ ಆ ಮಕ್ಕಳು ಒಮ್ಮೆ ಕೇಳಬೇಕು ಎಂಬುದು ನನ್ನ ಆಸೆ.

ಟ್ರ್ಯಾಕಿನ ಕಡೆ ನಡೆದರೆ ನೆಲ ಚಪ್ಪಟೆ. ಉತ್ತರಕ್ಕೆ ಸೌತ್ ಡೌನ್ಸ್ ಗುಡ್ಡಗಳ ಸಾಲು, ದಕ್ಷಿಣಕ್ಕೆ ಚಿಚೆಸ್ಟರ್ ಕೆಥೆಡ್ರಲ್ಲಿನ ಚೂಪು ಗೋಪುರ. ಈ ಬಯಲು ಮಹಾಯುದ್ಧದ ಕಾಲದಲ್ಲಿ ವೆಸ್ಟ್‌ಹ್ಯಾಂಪ್ನೆಟ್ ಎಂಬ ವಾಯುನೆಲೆ. 1940ರ ಬ್ರಿಟನ್ ಕದನದಲ್ಲಿ ಇಲ್ಲಿಂದ ಯುದ್ಧವಿಮಾನಗಳು ಏರಿದವು. ಎರಡೂ ಕೃತಕ ಕಾಲುಗಳ ಪೈಲಟ್ ಡಗ್ಲಸ್ ಬೇಡರ್ 1941ರ ಆಗಸ್ಟ್ 9ರಂದು ಕೊನೆಯ ಸಲ ಯುದ್ಧಕ್ಕೆ ಹಾರಿದ್ದು ಇಲ್ಲಿಂದಲೇ. ಆ ದಿನ ಆತ ಫ್ರಾನ್ಸಿನಲ್ಲಿ ಸೆರೆಯಾದ. ಆತನ ಪ್ರತಿಮೆ ಇಲ್ಲಿದೆ. ಯುದ್ಧ ಮುಗಿದ ಮೇಲೆ, ಇಲ್ಲಿದ್ದ ಪೈಲಟ್‌ಗಳಲ್ಲೊಬ್ಬನಾದ ಆಸ್ಟ್ರೇಲಿಯಾದ ಟೋನಿ ಗೇಜ್, ವಿಮಾನನೆಲೆಯ ಸುತ್ತಿನ ರಸ್ತೆಯಲ್ಲಿ ಕಾರು ರೇಸ್ ನಡೆಸಬಾರದೇಕೆ ಎಂದು ಜಮೀನಿನ ಒಡೆಯನನ್ನು ಕೇಳಿದ. ಒಡೆಯನೂ ಸಾಮಾನ್ಯನಲ್ಲ. ಫ್ರೆಡ್ಡಿ ಮಾರ್ಚ್ ಎಂದೇ ಹೆಸರಾಗಿದ್ದ, ಸ್ವತಃ ರೇಸ್ ಓಡಿಸಿದ್ದ ರಿಚ್‌ಮಂಡಿನ 9ನೇ ಡ್ಯೂಕ್. 1948ರ ಸೆಪ್ಟೆಂಬರ್ 18ರಂದು ಆತನೇ ಬ್ರಿಸ್ಟಲ್ 400 ಕಾರಿನಲ್ಲಿ ಒಂದು ಸುತ್ತು ಹಾಕಿ ಟ್ರ್ಯಾಕನ್ನು ತೆರೆದ. ಹಿಂದಿನ ದಿನವಷ್ಟೇ 19 ತುಂಬಿದ್ದ ಹುಡುಗನೊಬ್ಬ ಆ ದಿನ 500 ಸಿ.ಸಿ. ಕಾರುಗಳ ರೇಸ್ ಗೆದ್ದ. ಮುಂದೆ ಹೆಸರಾಂತ ರೇಸ್ ಚಾಲಕನಾದ ಅವನ ಹೆಸರು ಸ್ಟರ್ಲಿಂಗ್ ಮಾಸ್.

ಹದಿನೆಂಟು ವರ್ಷ ಇಲ್ಲಿ ರೇಸ್ ನಡೆಯಿತು. 1965ರಲ್ಲಿ ಫಾರ್ಮುಲಾ ಒನ್ ಚಾಲಕರಾದ ಜಿಮ್ ಕ್ಲಾರ್ಕ್ ಮತ್ತು ಜಾಕಿ ಸ್ಟೂವರ್ಟ್ ಇಬ್ಬರೂ ಒಂದೇ ರೇಸಿನಲ್ಲಿ 1 ನಿಮಿಷ 20.4 ಸೆಕೆಂಡಿಗೆ ಒಂದು ಸುತ್ತು ಮುಗಿಸಿದರು. ಕಾರುಗಳ ವೇಗ ಟ್ರ್ಯಾಕಿನ ಅಳತೆ ಮೀರುತ್ತಿದೆ ಎಂದು ಡ್ಯೂಕ್‌ಗೆ ಅನ್ನಿಸಿತು. ತಿರುವುಗಳನ್ನು ಬದಲಿಸಿ ಟ್ರ್ಯಾಕಿನ ಸ್ವಭಾವ ಕೆಡಿಸುವ ಬದಲು 1966ರ ಜುಲೈನಲ್ಲಿ ರೇಸನ್ನೇ ನಿಲ್ಲಿಸಿದ. ಹಾಗೆ ಮುಚ್ಚಿದ್ದರಿಂದಲೇ ಅದು ಬದಲಾಗದೆ ಉಳಿಯಿತು. ಬೇರೆ ಟ್ರ್ಯಾಕುಗಳು ಅಗಲವಾಗಿ, ಕಾಂಕ್ರೀಟು ಕಟ್ಟಿಕೊಂಡು, ಹೊಸ ಬಳುಕುಗಳನ್ನು ಸೇರಿಸಿಕೊಂಡು ಗುರುತು ಸಿಗದಂತಾದವು. ಇಲ್ಲಿ 3.8 ಕಿಲೋಮೀಟರಿನ ಅದೇ ದಾರಿ, ಅದೇ ಹುಲ್ಲಂಚು. ಮೊಮ್ಮಗ ಅದನ್ನು ಮತ್ತೆ ತೆರೆದದ್ದು 1998ರ ಸೆಪ್ಟೆಂಬರ್ 18ರಂದು, ಸರಿಯಾಗಿ ಐವತ್ತು ವರ್ಷಕ್ಕೆ. ಅದೇ ಮೊದಲ ರಿವೈವಲ್.

ರೇಸ್ ಕಾರುಗಳನ್ನು ನಿಲ್ಲಿಸಿ ಸಿದ್ಧಮಾಡುವ ಪ್ಯಾಡಕ್ಕಿನ ಹತ್ತಿರ ಬರುತ್ತಿದ್ದಂತೆ ಹರಳೆಣ್ಣೆಯ ವಾಸನೆ.

ಅದು ನಿಜವಾಗಿಯೂ ಹರಳೆಣ್ಣೆಯದೇ. ಅಜ್ಜಿ ಭಾನುವಾರ ನೆತ್ತಿಗೆ ತಟ್ಟುತ್ತಿದ್ದ, ವರ್ಷಕ್ಕೊಮ್ಮೆ ಹೊಟ್ಟೆ ಶುದ್ಧಿಗೆಂದು ಮೂಗು ಹಿಡಿದು ಕುಡಿಸುತ್ತಿದ್ದ ಎಣ್ಣೆ. ಹಳೆಯ ರೇಸ್ ಎಂಜಿನ್ನುಗಳಿಗೆ ಅದನ್ನು ಆಧಾರವಾಗಿಟ್ಟು ಮಾಡಿದ ಎಣ್ಣೆಯನ್ನು ಹಾಕುತ್ತಿದ್ದರು, ಈಗಲೂ ಕೆಲವರು ಹಾಕುತ್ತಾರೆ. ಕಾದ ಲೋಹಕ್ಕೆ ಅದು ಅಂಟಿಕೊಂಡು ಕೂರುತ್ತದೆ, ತುಂಬ ಕಾದರೂ ಬೇಗ ಪದರ ಬಿಟ್ಟುಕೊಡುವುದಿಲ್ಲ. ಆದರೆ ಎಂಜಿನ್ನಿನಲ್ಲಿ ಹಾಗೇ ಬಿಟ್ಟರೆ ಗೋಂದಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ರೇಸ್ ಮುಗಿದ ಮೇಲೆ ಬೇಗ ಬಸಿಯಬೇಕು. ಸುಟ್ಟಾಗ ಬರುವ ಅದರ ಸಿಹಿ ಕಮಟು ಹೊಗೆ ಪ್ಯಾಡಕ್ಕಿನ ಮರದ ಚಪ್ಪರಗಳ ಕೆಳಗೆ ನಿಂತುಬಿಟ್ಟಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಹರಳು ಬೆಳೆಯುವ ದೇಶದಿಂದ ಬಂದವನಿಗೆ ಆ ಚಪ್ಪರದ ಕೆಳಗೆ ಪರಕೀಯತೆ ಅನ್ನಿಸಲಿಲ್ಲ.

ಆ ಹೊಗೆಯ ನಡುವೆ ಎತ್ತರಕ್ಕೆ, ನೆಟ್ಟಗೆ, ಒಬ್ಬರೇ ಕೂರುವ ಕಾರುಗಳ ಸಾಲು ನಿಂತಿತ್ತು. ಇ.ಆರ್.ಎ. ಎಂದು ಅವುಗಳ ಹೆಸರು. 1930ರ ದಶಕದಲ್ಲಿ ಇಂಗ್ಲೆಂಡಿನ ಬೋರ್ನ್ ಎಂಬ ಸಣ್ಣ ಊರಿನಲ್ಲಿ ತಯಾರಾದವು. ರೈಲಿ ಎಂಜಿನ್ನಿನ ಆಧಾರದ ಆರು ಸಿಲಿಂಡರು, ಗಾಳಿ ತುರುಕುವ ಸೂಪರ್‌ಚಾರ್ಜರು, ಮುಂದಿನ ಗೇರನ್ನು ಮೊದಲೇ ಆರಿಸಿಟ್ಟು ಬೇಕಾದಾಗ ಪೆಡಲ್ ತುಳಿಯುವ ಗೇರ್‌ಬಾಕ್ಸು. ತಯಾರಾದದ್ದು ಬೆರಳೆಣಿಕೆಯಷ್ಟು, ಆದರೂ ಅವುಗಳಲ್ಲಿ ಬಹುಪಾಲು ಇಂದಿಗೂ ರೇಸ್ ಓಡುತ್ತಿವೆ. ಈ ಕಾರುಗಳ ಚರಿತ್ರೆಯಲ್ಲಿ ನನಗೆ ಪ್ರಿಯನಾದವನು ಸಯಾಮಿನ ರಾಜಕುಮಾರ ಬೀರ. ಇಂಗ್ಲೆಂಡಿಗೆ ಓದಲು ಬಂದವನಿಗೆ 21ನೇ ಹುಟ್ಟುಹಬ್ಬಕ್ಕೆ ದಾಯಾದಿ ಅಣ್ಣ ಚುಲ ಒಂದು ಇ.ಆರ್.ಎ. ಕೊಡಿಸಿದ. ಅದಕ್ಕೆ ಬೀರ ರೊಮ್ಯುಲಸ್ ಎಂದು ಹೆಸರಿಟ್ಟ, ಎರಡನೆಯದಕ್ಕೆ ರೀಮಸ್ ಎಂದು. ಮೂರನೆಯದಕ್ಕೆ ಇಟ್ಟ ಹೆಸರು ಹನುಮಾನ್. ಆ ಕಾರಿನ ಬಣ್ಣ ತಿಳಿನೀಲಿ. ಯುರೋಪಿನ ದೊಡ್ಡ ತಂಡಗಳ ನಡುವೆ ಏಷ್ಯಾದ ಒಬ್ಬ ಹುಡುಗ ವಾಯುಪುತ್ರನ ಹೆಸರಿನ ಕಾರು ಓಡಿಸುತ್ತಿದ್ದ ಎಂಬುದು ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ. ಯುದ್ಧದ ನಂತರ ಆತ ಈ ಗುಡ್‌ವುಡ್‌ನಲ್ಲೂ ಓಡಿದ, ಗೆದ್ದ.

ಇ.ಆರ್.ಎ. ಒಂದನ್ನು ಮೂವರು ಹಿಂದಿನಿಂದ ತಳ್ಳಿ ಸ್ಟಾರ್ಟ್ ಮಾಡಿದರು. ಎಂಜಿನ್ ಹಿಡಿದ ಕ್ಷಣ ನೆಲದ ಜಲ್ಲಿ ನಡುಗಿತು, ಎದೆಗೂಡಿನೊಳಗೆ ಏನೋ ಬಡಿದ ಹಾಗಾಯಿತು. ಹತ್ತಿರವಿದ್ದ ಮಗುವೊಂದು ಅಳಲಿಲ್ಲ, ನಗುತ್ತ ಕಿವಿ ಮುಚ್ಚಿಕೊಂಡಿತು.

ಮಕ್ಕಳದೇ ಒಂದು ರೇಸ್ ಇಲ್ಲಿದೆ. ಸೆಟ್ರಿಂಗ್ಟನ್ ಕಪ್ ಎನ್ನುತ್ತಾರೆ. ಟ್ರ್ಯಾಕಿನ ಈಚೆ ನಿಂತ ಮಕ್ಕಳು ಬಾವುಟ ಬಿದ್ದೊಡನೆ ಆಚೆ ಸಾಲಾಗಿ ನಿಲ್ಲಿಸಿದ ಪೆಡಲ್ ಕಾರುಗಳತ್ತ ಓಡಿ, ಹತ್ತಿ, ತುಳಿಯುತ್ತಾರೆ. ಜನ ತುದಿಗಾಲಲ್ಲಿ ನಿಂತು ಕೂಗುತ್ತಾರೆ. ಆಸ್ಟಿನ್ ಜೆ40 ಎಂಬ ಆ ಪೆಡಲ್ ಕಾರಿನ ಹುಟ್ಟು ತಿಳಿದ ಮೇಲೆ ಆ ರೇಸನ್ನು ಬರಿಯ ಮುದ್ದಿನಿಂದ ನೋಡಲಾಗಲಿಲ್ಲ. 1949ರಲ್ಲಿ ದಕ್ಷಿಣ ವೇಲ್ಸಿನ ಬಾರ್ಗೋಡ್‌ನಲ್ಲಿ ಇದಕ್ಕೆಂದೇ ಕಾರ್ಖಾನೆ ತೆರೆದರು. ಕಲ್ಲಿದ್ದಲ ಗಣಿಯ ದೂಳಿನಿಂದ ಶ್ವಾಸಕೋಶ ಕೆಟ್ಟು ಗಣಿಗೆ ಮರಳಲಾಗದ ಕಾರ್ಮಿಕರಿಗೆ ಅಲ್ಲಿ ಕೆಲಸ ಕೊಟ್ಟರು. ದೊಡ್ಡ ಕಾರುಗಳ ಕಾರ್ಖಾನೆಯಲ್ಲಿ ಕತ್ತರಿಸಿ ಮಿಕ್ಕ ಉಕ್ಕಿನ ತಗಡಿನಿಂದ ಅವರು ಈ ಪುಟ್ಟ ಕಾರು ಮಾಡಿದರು. ಬಾನೆಟ್ ತೆರೆಯುತ್ತದೆ, ದೀಪ ಉರಿಯುತ್ತದೆ, ಹಾರ್ನ್ ಕೂಗುತ್ತದೆ. 1971ರವರೆಗೆ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಕಾರುಗಳು ಆ ಕೈಗಳಿಂದ ಹೊರಬಂದವು. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಿಗೆ ಇಂಥ ದೂಳಿನ ಕಾಯಿಲೆ ಚೆನ್ನಾಗಿ ಗೊತ್ತು. ಸಿಲಿಕೋಸಿಸ್ ಹತ್ತಿದ ಗಣಿಗಾರ ಮಹಡಿಯ ನಾಲ್ಕು ಮೆಟ್ಟಿಲು ಏರಲು ಪಡುವ ಪಾಡು ನೋಡಿದವರು ಈ ಪೆಡಲ್ ಕಾರಿನ ಹೊಳೆಯುವ ತಗಡನ್ನು ಒಮ್ಮೆ ಮುಟ್ಟಿ ನೋಡದೆ ಇರಲಾರರು. ನಾನೂ ಮುಟ್ಟಿದೆ. ತಗಡು ದಪ್ಪ, ಅಂಚು ನುಣುಪು. ಮಗುವಿನ ಬೆರಳಿಗೆ ತರಚಬಾರದೆಂದು ಯಾರೋ ಕಾಳಜಿಯಿಂದ ತೀಡಿದ ಅಂಚು.

ರಸ್ತೆಯಾಚೆಗಿನ ಹಳೆಯ ಕಾಲದ ಪೇಟೆ, ಜಾತ್ರೆಯ ತಿರುಗುಣಿ, ಹಳೆ ಬಟ್ಟೆಯ ಅಂಗಡಿಗಳು ಇಷ್ಟಪಟ್ಟವರಿಗೆ ಅರ್ಧ ದಿನ ತಿನ್ನುತ್ತವೆ. ನಾನು ಬೇಗ ದಾಟಿಕೊಂಡು ಟ್ರ್ಯಾಕಿನ ಸುತ್ತ ನಡೆಯತೊಡಗಿದೆ. ಗುಡ್‌ವುಡ್ಡನ್ನು ಒಂದು ಸೀಟಿನಲ್ಲಿ ಕೂತು ನೋಡಬಾರದು, ನಡೆಯಬೇಕು. ಮ್ಯಾಡ್ಜ್‌ವಿಕ್ ಎಂಬ ಮೊದಲ ತಿರುವು ಎರಡು ಸಲ ಬಲಕ್ಕೆ ಬಾಗುತ್ತದೆ. ನಡುವೆ ಚಾಲಕ ಸ್ವಲ್ಪ ಆತುರಪಟ್ಟರೆ ಕಾರಿನ ಹಿಂಭಾಗ ಹುಲ್ಲಿಗೆ ಹೋಗುತ್ತದೆ. ಆಮೇಲೆ ಫೋರ್ಡ್‌ವಾಟರ್. ದೂರಕ್ಕೆ ತಿರುವೇ ಅಲ್ಲ ಅನ್ನಿಸುವ ಆ ಬಾಗನ್ನು ಕಾಲು ಎತ್ತದೆ ದಾಟುವವರು ಕಡಿಮೆ. ಅದರಾಚೆ ಸೇಂಟ್ ಮೇರೀಸ್. ಬಲಕ್ಕೆ ಹೋಗುತ್ತಿದ್ದ ದಾರಿ ಇದ್ದಕ್ಕಿದ್ದಂತೆ ತಗ್ಗಿಗಿಳಿದು ಎಡಕ್ಕೆ ಹೊರಳುತ್ತದೆ. ಕಾರಿನ ಭಾರವೆಲ್ಲ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಬೀಳುವ ಜಾಗ.

1962ರ ಏಪ್ರಿಲ್ 23ರಂದು ಸ್ಟರ್ಲಿಂಗ್ ಮಾಸ್‌ನ ಲೋಟಸ್ ಇಲ್ಲಿಯೇ ದಾರಿ ಬಿಟ್ಟು ಮಣ್ಣಿನ ದಿಬ್ಬಕ್ಕೆ ಬಡಿಯಿತು. ತಗಡು ಕತ್ತರಿಸಿ ಆತನನ್ನು ಹೊರತೆಗೆಯಬೇಕಾಯಿತು. ಒಂದು ತಿಂಗಳು ಎಚ್ಚರವಿಲ್ಲ, ಆರು ತಿಂಗಳು ಎಡಮಗ್ಗುಲು ಸ್ವಾಧೀನದಲ್ಲಿಲ್ಲ. ಏನಾಯಿತೆಂದು ಕೊನೆಯವರೆಗೂ ಆತನಿಗೆ ನೆನಪಾಗಲಿಲ್ಲ. ಯಾವ ಟ್ರ್ಯಾಕಿನಲ್ಲಿ ಹುಡುಗನಾಗಿ ಗೆದ್ದನೋ ಅದೇ ಟ್ರ್ಯಾಕಿನಲ್ಲಿ 32ನೇ ವಯಸ್ಸಿಗೆ ಆತನ ದೊಡ್ಡ ರೇಸುಗಳ ಬದುಕು ಮುಗಿಯಿತು. ಇನ್ನೂ ಮುಂದೆ ಹೋದರೆ ಲಾವಂಟ್ ತಿರುವಿನಾಚೆಯ ನೇರ ದಾರಿ. ಟ್ರ್ಯಾಕ್ ಮುಚ್ಚಿದ ಮೇಲೂ ಇಲ್ಲಿ ಪರೀಕ್ಷೆಗೆ ಕಾರು ಓಡಿಸುತ್ತಿದ್ದರು. ಹಾಗೆ ಓಡಿಸುತ್ತಿದ್ದಾಗ 1970ರ ಜೂನ್ 2ರಂದು, ಕಾರಿನ ಹಿಂದಿನ ಮುಚ್ಚಳ ಹಾರಿಹೋಗಿ ಚಾಲಕ ಬ್ರೂಸ್ ಮೆಕ್ಲಾರನ್ ಸತ್ತ. ಆತನಿಗೂ 32 ವರ್ಷ. ಆತ ಕಟ್ಟಿದ ತಂಡ ಇಂದಿಗೂ ಫಾರ್ಮುಲಾ ಒನ್ ಗೆಲ್ಲುತ್ತಿದೆ. ಹಳೆಯ ಕಾಲದ ಬಗ್ಗೆ ಮಾತಾಡುವಾಗ ಸೊಗಸನ್ನಷ್ಟೇ ಹೇಳಿ ಇದನ್ನು ಬಿಟ್ಟರೆ ಆ ಚಾಲಕರಿಗೆ ಅನ್ಯಾಯವಾಗುತ್ತದೆ. ಸೀಟ್ ಬೆಲ್ಟ್ ಇಲ್ಲದೆ, ಕಾಟನ್ ಅಂಗಿ ತೊಟ್ಟು, ಮೊಣಕಾಲಿನ ಎರಡೂ ಕಡೆ ಪೆಟ್ರೋಲ್ ಟ್ಯಾಂಕು ಇಟ್ಟುಕೊಂಡು ಅವರು ಓಡಿಸಿದರು.

ಸೇಂಟ್ ಮೇರೀಸ್ ದಿಬ್ಬದ ಮೇಲೆ ಕುಳಿತು ನಾನು ಸಂಸಾರದ ಕಾರುಗಳ ರೇಸ್ ನೋಡಿದೆ. ಒಂದು ವರ್ಷ 50ರ ದಶಕದವು, ಮುಂದಿನ ವರ್ಷ 60ರವು. ನಾನು ಹೋದದ್ದು 50ರವುಗಳ ಸರದಿಯಲ್ಲಿ. 948 ಸಿ.ಸಿ.ಯ ಆಸ್ಟಿನ್ ಎ35 ಒಂದು ತಿರುವಿನಲ್ಲಿ ಮೂರೇ ಚಕ್ರದ ಮೇಲೆ ನಿಂತು, ತನ್ನ ಮೂರೂವರೆ ಪಟ್ಟು ದೊಡ್ಡ ಎಂಜಿನ್ನಿನ ಜಾಗ್ವಾರನ್ನು ಒಳಗಿನಿಂದ ದಾಟಿತು. ನೇರ ದಾರಿಯಲ್ಲಿ ಜಾಗ್ವಾರ್ ಮತ್ತೆ ಮುಂದೆ. ಮರುಸುತ್ತಿನಲ್ಲಿ ತಿರುವಿಗೆ ಬಂದಾಗ ಪುನಃ ಆಸ್ಟಿನ್ ಮೂತಿ ತೂರಿಸಿತು. ಪಕ್ಕದಲ್ಲಿದ್ದ ಅಪರಿಚಿತರೂ ನಾನೂ ಆ ಹೊತ್ತಿಗೆ ಆಸ್ಟಿನ್ ಕಡೆಯವರಾಗಿದ್ದೆವು. ಮಧ್ಯೆ ಒಮ್ಮೆ ಸ್ಪಿಟ್‌ಫೈರ್ ಯುದ್ಧವಿಮಾನ ತಲೆಯ ಮೇಲೆ ಹಾದುಹೋಯಿತು. 27 ಲೀಟರಿನ ಅದರ ಮರ್ಲಿನ್ ಎಂಜಿನ್ ಸದ್ದು ಕೇಳಿ ಸಾವಿರಾರು ಜನ ಒಟ್ಟಿಗೆ ಮುಖ ಮೇಲೆತ್ತಿದರು.

ಮಧ್ಯಾಹ್ನದ ದೊಡ್ಡ ರೇಸ್ ಆರ್.ಎ.ಸಿ. ಟಿ.ಟಿ. ಸೆಲೆಬ್ರೇಷನ್. ಒಂದು ಗಂಟೆ, ಒಂದು ಕಾರಿಗೆ ಇಬ್ಬರು ಚಾಲಕರು, ನಡುವೆ ಅದಲುಬದಲು. 1960ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಓಡಿದ ಜಾಗ್ವಾರ್ ಇ-ಟೈಪ್, ಎ.ಸಿ. ಕೋಬ್ರಾ, ಆಸ್ಟನ್ ಮಾರ್ಟಿನ್, ಫೆರಾರಿ ಜಾತಿಯವು. ಈ ಜಾತಿಯ ಬೆಲೆ ತಿಳಿಯಲು ಒಂದು ಲೆಕ್ಕ ಸಾಕು: ಒಟ್ಟು 36 ಮಾತ್ರ ತಯಾರಾದ ಫೆರಾರಿ 250 ಜಿಟಿಒ ಕಾರುಗಳಲ್ಲಿ ಒಂದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಅಂಥ ಬೆಲೆ ಬಂದ ಮೇಲೆ ಎಷ್ಟೋ ಕಾರುಗಳು ಬೀಗ ಹಾಕಿದ ಕೋಣೆ ಸೇರುತ್ತವೆ. ಇಲ್ಲಿಗೆ ತರುವವರು ಅವನ್ನು ಮಳೆಯಲ್ಲೂ ಓಡಿಸುತ್ತಾರೆ. ಮಧ್ಯಾಹ್ನ ಹನಿ ಬಿದ್ದೊಡನೆ ಸಪೂರ ಟೈರುಗಳ ಕೋಬ್ರಾಗಳು ಅಡ್ಡಡ್ಡ ಜಾರುತ್ತ ಬಂದವು. ಚಾಲಕರು ಸ್ಟೇರಿಂಗನ್ನು ಜಾರುವ ದಿಕ್ಕಿಗೇ ತಿರುಗಿಸಿ, ಆಕ್ಸಿಲರೇಟರಿನಿಂದ ಕಾರನ್ನು ನೆಟ್ಟಗೆ ಮಾಡಿಕೊಂಡು ಹೋದರು. ಕೈ ಮತ್ತು ಕಾಲು ಹೇಗೆ ಮಾತಾಡಿಕೊಳ್ಳುತ್ತವೆ ಎಂಬುದನ್ನು ಇಪ್ಪತ್ತು ಅಡಿ ದೂರದಿಂದ ಕಾಣಬಹುದಿತ್ತು. ಈ ವಿದ್ಯೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಬರುವುದಿಲ್ಲ. ಕಾರು ಓಡಿದರೆ ಮಾತ್ರ ಅದು ಇನ್ನೊಬ್ಬನ ಕೈಗೆ ಹೋಗುತ್ತದೆ.

ಸುಮ್ಮನೆ ಸುತ್ತು ಹೊಡೆಯಲು ಇಷ್ಟು ಇಂಧನ ಸುಡಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. 2024ರಿಂದ ಇಲ್ಲಿಯ ಎಲ್ಲ ರೇಸುಗಳೂ ಪರ್ಯಾಯ ಇಂಧನದಲ್ಲೇ ಓಡುತ್ತಿವೆ. ಕನಿಷ್ಠ ಶೇ 70ರಷ್ಟು ಭಾಗ ಭೂಗರ್ಭದ ಎಣ್ಣೆಯಿಂದ ಬಂದದ್ದಾಗಿರಬಾರದು. ಎಂಜಿನ್ನುಗಳು ಹಾಳಾದಾವು ಎಂದು ಅಂಜಿದವರಿದ್ದರು. ಕಾರ್ಬುರೇಟರನ್ನು ಹೊಸ ಇಂಧನಕ್ಕೆ ಹೊಂದಿಸಿಕೊಂಡು ಎಂಬತ್ತು ವರ್ಷದ ಎಂಜಿನ್ನುಗಳೂ ಓಡಿದವು. ಹಳೆಯದನ್ನು ಉಳಿಸಲು ಹೊಸದನ್ನು ಕಲಿಯಬೇಕಾಯಿತು, ಕಲಿತರು.

ರೇಸ್ ಮುಗಿದ ಮೇಲೆ ಮತ್ತೆ ಪ್ಯಾಡಕ್ಕಿಗೆ ಹೋದೆ. ಬಿಳಿ ಇ-ಟೈಪ್ ಒಂದರ ಎಡ ಮೂತಿ ಒಳಕ್ಕೆ ಹೋಗಿತ್ತು. ಇಪ್ಪತ್ತು ದಾಟದ ಹುಡುಗಿಯೊಬ್ಬಳು ಅಲ್ಯೂಮಿನಿಯಂ ತಗಡಿನ ಹಿಂದೆ ಮರದ ದಿಮ್ಮಿ ಹಿಡಿದು, ಮುಂದಿನಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತಿದ್ದಳು. ಪಕ್ಕದಲ್ಲಿ ನಿಂತ ಹಿರಿಯ ಏನೂ ಹೇಳದೆ, ಉಬ್ಬಿದ ಜಾಗವನ್ನು ಅಂಗೈಯಿಂದ ಸವರಿ ತೋರಿಸುತ್ತಿದ್ದ. ನಮ್ಮ ಕಲಾಸಿಪಾಳ್ಯದ ಟಿಂಕರಿಂಗ್ ಅಂಗಡಿಗಳಲ್ಲೂ ಕಣ್ಣಿಗಿಂತ ಅಂಗೈಯನ್ನೇ ನಂಬುವ ಹಿರಿಯರಿದ್ದಾರೆ. ಅವರ ಪಕ್ಕದಲ್ಲಿ ಸುತ್ತಿಗೆ ಹಿಡಿಯುವ ಹುಡುಗರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಕೆಲಸಕ್ಕೆ ಇಂಥದೊಂದು ಬಯಲು, ಇಂಥದೊಂದು ದಿನ ನಮ್ಮಲ್ಲೂ ಬೇಕು.

ಬ್ರಿಟನ್ನಿನಲ್ಲಿರುವ ಕನ್ನಡಿಗರು, ಸೆಪ್ಟೆಂಬರಿನಲ್ಲಿ ಅತ್ತ ಹೋಗುವವರು ಒಂದು ದಿನ ಇದಕ್ಕೆ ತೆಗೆದಿಡಬಹುದು. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಚಿಚೆಸ್ಟರಿಗೆ ನೇರ ರೈಲಿದೆ, ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಟಿಕೆಟ್ ಮುಂಗಡವಾಗಿಯೇ ಕೊಳ್ಳಬೇಕು. ಹಳೆಯ ಕಾಲದ ಉಡುಪು ಧರಿಸಿದರೆ ಚೆನ್ನ. ಅಮ್ಮನ ಪೆಟ್ಟಿಗೆಯಲ್ಲಿರುವ 60ರ ದಶಕದ ಮೈಸೂರು ಸಿಲ್ಕ್ ಸೀರೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಮಕ್ಕಳ ಕಿವಿಗೆ ರಕ್ಷಣೆ, ಮಳೆಗೊಂದು ಕೋಟು, ನಡೆಯಲು ಗಟ್ಟಿ ಬೂಟು ಇರಲಿ. ಸೇಂಟ್ ಮೇರೀಸ್ ದಿಬ್ಬದ ಮೇಲೆ ಜಾಗ ಬೇಕಿದ್ದರೆ ಪೇಟೆ, ಅಂಗಡಿ ಎಲ್ಲವನ್ನೂ ಸಂಜೆಗೆ ಇಟ್ಟುಕೊಂಡು ಬೆಳಿಗ್ಗೆಯೇ ನೇರ ಅಲ್ಲಿಗೆ ಹೋಗಿ ಕೂರಬೇಕು.